ಅತ್ತೆಯ ಆರೈಕೆಗೆ ಕೆಲಸ ಬಿಡಬೇಕಾ? ಮೊದಲು ಲೆಕ್ಕ ಬರೆಯೋಣ

ಪ್ರಶ್ನೆ: ಮೇಡಂ, ನಮ್ಮ ಅತ್ತೆಗೆ 74 ವರ್ಷ. ಹಾಸನದಲ್ಲಿ ಸ್ವಂತ ಮನೆಯಲ್ಲಿದ್ದಾರೆ. ಎಂಟು ತಿಂಗಳ ಹಿಂದೆ ಸ್ಟ್ರೋಕ್ ಆಗಿ ಬಲಗೈ, ಬಲಗಾಲು ಸ್ವಾಧೀನ ತಪ್ಪಿದೆ. ಮಾತು ತೊದಲುತ್ತದೆ. ಈಚೆಗೆ ಮರೆವೂ ಜಾಸ್ತಿ. ಮಾವ ಇಲ್ಲ, ಅವರ ಫ್ಯಾಮಿಲಿ ಪೆನ್ಷನ್ ತಿಂಗಳಿಗೆ 19,000 ಬರುತ್ತದೆ. ಅತ್ತೆ ಹೆಸರಿನಲ್ಲಿ 14 ಲಕ್ಷ ಎಫ್‌ಡಿ ಇದೆ. 5 ಲಕ್ಷದ ಆರೋಗ್ಯ ವಿಮೆ ಇದೆ. ನಾವು ಬೆಂಗಳೂರಿನಲ್ಲಿ, ಮೈದುನ ಪುಣೆಯಲ್ಲಿ, ನಾದಿನಿ ಹಾಸನದಲ್ಲೇ. ಇಷ್ಟು ದಿನ ನಾದಿನಿ ಮತ್ತು ನಾನು ಸರದಿ ಮೇಲೆ ನೋಡಿಕೊಂಡೆವು. ನನ್ನ ರಜೆ ಎಲ್ಲಾ ಮುಗಿದಿದೆ. ಏಜೆನ್ಸಿಯವರು ಮನೆಯಲ್ಲೇ ಇರುವ ಹೆಂಗಸಿಗೆ 25,000 ಕೇಳುತ್ತಾರೆ. 'ಅಷ್ಟು ಕೊಡೋ ಬದಲು ನೀನೇ ಕೆಲಸ ಬಿಟ್ಟು ಹೋಗು' ಅಂತ ಮನೆಯಲ್ಲಿ ಮಾತು ಬಂದಿದೆ. ನನ್ನ ಸಂಬಳ ಕೈಗೆ 41,000. ವಿಮೆಯಿಂದ ಏನಾದರೂ ಸಿಗುತ್ತದಾ? ಎಷ್ಟು ದುಡ್ಡು ಎತ್ತಿಡಬೇಕು? ಮನೆಯನ್ನು ಈಗಲೇ ಗಂಡುಮಕ್ಕಳ ಹೆಸರಿಗೆ ಮಾಡಿಸೋಣ ಎನ್ನುತ್ತಾರೆ ಮೈದುನ. ಆಶ್ರಮದ ಮಾತು ಎತ್ತಿದರೆ ಎಲ್ಲರೂ ನನ್ನನ್ನೇ ಕೆಟ್ಟವಳ ಹಾಗೆ ನೋಡುತ್ತಾರೆ. ಏನು ಮಾಡಲಿ?

ಉತ್ತರ: ಕೆಲಸ ಬಿಡುವ ವಿಷಯವನ್ನು ನೀವು ಎಲ್ಲೋ ನಡುವೆ ಬರೆದಿದ್ದೀರಿ. ನಾನು ಅದನ್ನೇ ಮೊದಲು ಎತ್ತಿಕೊಳ್ಳುತ್ತೇನೆ. ಈಗಲೇ ಬಿಡಬೇಡಿ. 25,000 ಉಳಿಸಲು 41,000 ಕಳೆದುಕೊಳ್ಳುವುದು ಯಾವ ಅಂಗಡಿ ಲೆಕ್ಕಕ್ಕೂ ಕೂಡುವುದಿಲ್ಲ. ಅದರ ಮೇಲೆ ಪಿಎಫ್ ನಿಲ್ಲುತ್ತದೆ, ಬಡ್ತಿ ನಿಲ್ಲುತ್ತದೆ, ಐದು ವರ್ಷ ಬಿಟ್ಟು ಮತ್ತೆ ಕೆಲಸ ಹುಡುಕುವ ಪಾಡು ಬೇರೆ. ಇಷ್ಟು ಸರಳ ಕೂಡು-ಕಳೆ ಓದು ಬಲ್ಲ ಮನೆಗಳಲ್ಲೂ ತಪ್ಪುವುದು ಯಾಕೆ ಅಂದರೆ, ಸೊಸೆಯ ಕೈಗೆ ಕೂಲಿ ಬರೆಯುವ ರೂಢಿ ನಮ್ಮಲ್ಲಿ ಇಲ್ಲ.

ಆಸ್ಪತ್ರೆಯಲ್ಲಿ ಸಮಾಜ ಕಾರ್ಯಕರ್ತೆಯಾಗಿ ಇಪ್ಪತ್ತು ವರ್ಷದ ಮೇಲಾಯಿತು. ಡಿಸ್ಚಾರ್ಜ್ ದಿನ ಎಲ್ಲರ ಕಣ್ಣೂ ಬಿಲ್ ಮೇಲೆ. ಅದು ಕಟ್ಟಿಯಾದ ಮೇಲೆ 'ಸದ್ಯ ಮುಗೀತು' ಅಂತ ಉಸಿರು ಬಿಡುತ್ತಾರೆ. ಆಸ್ಪತ್ರೆ ಬಿಲ್ ಒಂದೇ ಸಲ ಸುರಿದು ನಿಲ್ಲುವ ಮಳೆ. ಮನೆಗೆ ಬಂದ ಮೇಲಿನ ಆರೈಕೆ ಆಷಾಢದ ಜಡಿಮಳೆ, ಯಾವಾಗ ನಿಲ್ಲುತ್ತದೆ ಅಂತ ಯಾರೂ ಹೇಳಲಾರರು. ಆ ಖರ್ಚಿನಲ್ಲಿ ದೊಡ್ಡ ಪಾಲು ಔಷಧಿಗೂ ಅಲ್ಲ, ಡಾಕ್ಟರಿಗೂ ಅಲ್ಲ. ಎಬ್ಬಿಸಲು, ಕೂರಿಸಲು, ತೊಳೆಯಲು, ತಿನ್ನಿಸಲು ಬೇಕಾದ ಎರಡು ಕೈಗಳಿಗೆ. ಆ ಕೈ ಯಾರದು, ದಿನಕ್ಕೆ ಎಷ್ಟು ಗಂಟೆ ಬೇಕು, ಅದಕ್ಕೆ ಯಾರು ಕೊಡುತ್ತಾರೆ ಅನ್ನುವುದು ತಿಳಿದರೆ ನಿಮ್ಮ ಅರ್ಧ ಪ್ರಶ್ನೆಗೆ ಉತ್ತರ ಸಿಕ್ಕಂತೆ.

ಅದಕ್ಕೆ ಒಂದು ನೂರು ಪುಟದ ನೋಟ್‌ಬುಕ್ ತಂದು ಅತ್ತೆ ಮಂಚದ ಪಕ್ಕ ದಾರ ಕಟ್ಟಿ ತೂಗುಹಾಕಿ. ಒಂದು ವಾರ, ಅವರಿಗಾಗಿ ಯಾರೇ ಎದ್ದರೂ ಗಂಟೆ ಬರೆಯಬೇಕು. ನಾನು ನೋಡಿದ ಒಂದು ಮನೆಯ ಪುಟ ಹೀಗಿತ್ತು: 5.40 ಡೈಪರ್ ಬದಲು, 6.30 ಹಲ್ಲು, ಮುಖ, 7.15 ಕಾಫಿ, ಮಾತ್ರೆ, 8.30 ಇಡ್ಲಿ ತಿನ್ನಿಸಿದ್ದು ನಲವತ್ತು ನಿಮಿಷ, 10.00 ಸ್ನಾನಕ್ಕೆ ಇಬ್ಬರು ಬೇಕಾಯಿತು, ರಾತ್ರಿ 1.20 ಮಗ್ಗುಲು, 3.50 'ಯಾರೋ ಕರೀತಿದ್ದಾರೆ' ಅಂತ ಎದ್ದು ಕೂತರು. ಕೊನೆಯ ಎರಡು ಸಾಲನ್ನು ಮಗ ಓದಿದ್ದು ಆವತ್ತೇ ಮೊದಲು. ಅವರಿಗೆ ರಾತ್ರಿ ಹೀಗಾಗುತ್ತದೆ ಅಂತಲೇ ಗೊತ್ತಿರಲಿಲ್ಲ, ಹೆಂಡತಿ ಎದ್ದು ನೋಡಿಕೊಳ್ಳುತ್ತಿದ್ದರು.

ನಾವು ಆಸ್ಪತ್ರೆಯಲ್ಲಿ ಆರು ಕೆಲಸ ನೋಡುತ್ತೇವೆ: ಸ್ನಾನ, ಬಟ್ಟೆ ಹಾಕಿಕೊಳ್ಳುವುದು, ಶೌಚಾಲಯಕ್ಕೆ ಹೋಗಿ ಬರುವುದು, ಮಂಚದಿಂದ ಕುರ್ಚಿಗೆ ಬರುವುದು, ಮಲಮೂತ್ರದ ಹಿಡಿತ, ಊಟ. ಎಷ್ಟರಲ್ಲಿ ಇನ್ನೊಬ್ಬರ ಕೈ ಬೇಕು ಅನ್ನುವುದರ ಮೇಲೆ ಖರ್ಚು ನಿಲ್ಲುತ್ತದೆ. ಅದರಲ್ಲೂ ಶೌಚಾಲಯ ಮತ್ತು ರಾತ್ರಿ, ಇವೆರಡೇ ದುಡ್ಡು ತಿನ್ನುವುದು.

ಇನ್ನು ವಿಮೆ. ನಿಮ್ಮ ಪಾಲಿಸಿ ಪುಸ್ತಕ ತೆಗೆದು, ಏನೇನು ಕೊಡುವುದಿಲ್ಲ ಅಂತ ಪಟ್ಟಿ ಮಾಡಿದ ಪುಟಕ್ಕೆ ಹೋಗಿ. ಅಲ್ಲಿ 'ಎಕ್ಸ್‌ಕ್ಲೂಷನ್ 05' ಅಂತ ಒಂದು ಕೋಡ್ ಇರುತ್ತದೆ. ವಿಮಾ ನಿಯಂತ್ರಣ ಪ್ರಾಧಿಕಾರ ಎಲ್ಲ ಕಂಪನಿಗೂ ಒಂದೇ ಥರ ಮಾಡಿಕೊಟ್ಟ ಮಾತು ಅದು. ಸ್ನಾನ, ಬಟ್ಟೆ, ಓಡಾಟಕ್ಕೆ ಸಹಾಯ ಮಾಡುವ ಆರೈಕೆ, ಮನೆಯಲ್ಲಾದರೂ ಸರಿ, ನರ್ಸಿಂಗ್ ಕೇಂದ್ರದಲ್ಲಾದರೂ ಸರಿ, ನರ್ಸ್ ಮಾಡಿದರೂ ಸರಿ, ಆಯಾ ಮಾಡಿದರೂ ಸರಿ, ದುಡ್ಡು ಕೊಡುವುದಿಲ್ಲ ಅಂತ ಅದರಲ್ಲಿ ಬರೆದಿದೆ. ಇಷ್ಟು ನೇರವಾಗಿ ಬರೆದಿದ್ದರೂ ಪಾಲಿಸಿ ಮಾರುವಾಗ ಯಾರೂ ಬೆರಳಿಟ್ಟು ತೋರಿಸುವುದಿಲ್ಲ. ಆಸ್ಪತ್ರೆಯಲ್ಲಿ ದಾಖಲಾದಾಗಲೂ ಡೈಪರ್, ಅಟೆಂಡರ್, ಖಾಸಗಿ ನರ್ಸ್ ಇವು ಸಾಮಾನ್ಯವಾಗಿ ಕೈಯಿಂದಲೇ. 'ಮನೆಯಲ್ಲಿ ಚಿಕಿತ್ಸೆಗೂ ಕೊಡ್ತೀವಿ' ಅಂತ ಪಾಲಿಸಿಯಲ್ಲಿದ್ದರೆ ಖುಷಿ ಪಡಬೇಡಿ. ಅದು ಆಸ್ಪತ್ರೆಗೆ ಸೇರಿಸಲೇಬೇಕಾದ ಕಾಯಿಲೆಗೆ, ರೋಗಿಯನ್ನು ಸಾಗಿಸಲಾಗದಿದ್ದಾಗ ಅಥವಾ ಆಸ್ಪತ್ರೆಯಲ್ಲಿ ಹಾಸಿಗೆ ಸಿಗದಿದ್ದಾಗ ಕೊಡುವ ಸೌಲಭ್ಯ. ವರ್ಷಗಟ್ಟಲೆ ಆರೈಕೆಗೆ ಅಲ್ಲ.

ಹಾಗಂತ ಪಾಲಿಸಿ ಬಿಡಬೇಡಿ. ಇನ್ನೊಂದು ಸ್ಟ್ರೋಕ್, ನ್ಯುಮೋನಿಯಾ, ಬಿದ್ದು ಸೊಂಟದ ಮೂಳೆ ಮುರಿಯುವುದು, ಇವಕ್ಕೆ ಅದು ಬೇಕೇ ಬೇಕು. ವೈಯಕ್ತಿಕ ಆರೋಗ್ಯ ವಿಮೆಯ ಮೇಲಿದ್ದ ಜಿಎಸ್‌ಟಿಯನ್ನು 2025ರ ಸೆಪ್ಟೆಂಬರ್ 22ರಿಂದ ತೆಗೆದಿದ್ದಾರೆ. ಹಿರಿಯರ ಪ್ರೀಮಿಯಂ ಅನ್ನು ವರ್ಷಕ್ಕೆ ಶೇ 10ಕ್ಕಿಂತ ಜಾಸ್ತಿ ಏರಿಸುವುದಾದರೆ ಕಂಪನಿ ಮೊದಲು ಪ್ರಾಧಿಕಾರದ ಬಳಿ ಹೋಗಬೇಕು ಅಂತ ಅದೇ ವರ್ಷ ಜನವರಿಯಲ್ಲಿ ನಿಯಮ ಬಂದಿದೆ. ಮುಂದಿನ ರಿನ್ಯೂವಲ್ ಬಿಲ್ ಬಂದಾಗ ಎರಡನ್ನೂ ಒಮ್ಮೆ ನೋಡಿ. 70 ದಾಟಿದವರಿಗೆ ಆದಾಯ ಕೇಳದೆ ವರ್ಷಕ್ಕೆ 5 ಲಕ್ಷದವರೆಗೆ ಕೊಡುವ ಆಯುಷ್ಮಾನ್ ವಯ ವಂದನಾ ಕಾರ್ಡ್ 2024ರ ಅಕ್ಟೋಬರಿನಲ್ಲಿ ಶುರುವಾಯಿತು. ಖಾಸಗಿ ವಿಮೆ ಇದ್ದವರಿಗೂ ಅದು ಉಂಟು. ನಿಮ್ಮ ಊರಿನ ಯಾವ ಆಸ್ಪತ್ರೆ ಒಪ್ಪುತ್ತದೆ ಅಂತ ಈಗಲೇ ಕೇಳಿಟ್ಟುಕೊಳ್ಳಿ. ಆದರೆ ಅದೂ ಆಸ್ಪತ್ರೆ ಒಳಗಿನ ಚಿಕಿತ್ಸೆಗೆ ಮಾತ್ರ. ಒಟ್ಟಿನಲ್ಲಿ ಕೈಗಳ ಖರ್ಚು ನಿಮ್ಮ ಮನೆಯದೇ.

ಆ ಖರ್ಚಿನ ಲೆಕ್ಕಕ್ಕೆ ಮುಂಚೆ ಒಂದು ಕೆಲಸ. ಅತ್ತೆಯ ಮರೆವನ್ನು ಒಮ್ಮೆ ಸರಿಯಾಗಿ ತಪಾಸಣೆ ಮಾಡಿಸಿ. ಸ್ಟ್ರೋಕ್ ಆದವರಲ್ಲಿ ಮರೆವು ಬಂದರೆ 'ವಯಸ್ಸಾಯ್ತಲ್ಲ' ಅಂತ ಬಿಟ್ಟುಬಿಡುತ್ತಾರೆ. ಬಿ12 ಕಮ್ಮಿಯಾಗಿದ್ದರೆ, ಥೈರಾಯ್ಡ್ ಏರುಪೇರಾಗಿದ್ದರೆ, ಮೂತ್ರದ ಸೋಂಕು ಒಳಗೇ ಕೂತಿದ್ದರೆ, ಮನಸ್ಸು ಕುಗ್ಗಿದ್ದರೆ, ನಿದ್ದೆ ಮಾತ್ರೆ ಜಾಸ್ತಿಯಾಗಿದ್ದರೆ ಕೂಡ ಹೀಗೇ ಆಗುತ್ತದೆ. ಇವೆಲ್ಲ ಸರಿಪಡಿಸಬಹುದಾದಂಥವು. ಹಾಸನದ ಸರ್ಕಾರಿ ವೈದ್ಯಕೀಯ ಕಾಲೇಜು ಆಸ್ಪತ್ರೆ ಹಿಮ್ಸ್‌ನಲ್ಲೇ ಮೊದಲು ತೋರಿಸಿ, ಬೇಕೆನಿಸಿದರೆ ಬೆಂಗಳೂರಿನ ನಿಮ್ಹಾನ್ಸ್‌ಗೆ ಕರೆದುಕೊಂಡು ಬನ್ನಿ. ನಾಲ್ಕು ರಕ್ತಪರೀಕ್ಷೆಯ ದುಡ್ಡಿಗೆ ಮುಂದಿನ ನಾಲ್ಕು ವರ್ಷದ ಲೆಕ್ಕವೇ ಬದಲಾದದ್ದನ್ನು ಕಂಡಿದ್ದೇನೆ.

ಫಿಸಿಯೋಥೆರಪಿಯನ್ನೂ ಈಗಲೇ ನಿಲ್ಲಿಸಬೇಡಿ. ಸ್ಟ್ರೋಕ್ ಆದ ಮೊದಲ ಆರು ತಿಂಗಳಲ್ಲಿ ಚೇತರಿಕೆ ಜಾಸ್ತಿ, ನಿಜ. ಆಮೇಲೂ ನಿಧಾನಕ್ಕೆ ಆಗುತ್ತಲೇ ಇರುತ್ತದೆ. ಮಂಚದಿಂದ ಕಮೋಡ್ ಕುರ್ಚಿಗೆ ಒಬ್ಬರೇ ಸಹಾಯ ಮಾಡಿ ಕೂರಿಸುವಷ್ಟಾದರೂ ಸಾಕು, ಸ್ನಾನಕ್ಕೆ ಎರಡನೇ ಆಳು ಬೇಕಾಗುವುದಿಲ್ಲ.

ಈಗ ನಿಮ್ಮ ಅಂಕಿ ಹಿಡಿದು ಒಂದು ತಿಂಗಳ ಲೆಕ್ಕ ಹಾಕೋಣ. ನಾನು ಹಾಕುವುದು ಅಂದಾಜು ದರ, ನಿಮ್ಮ ಊರಿನ ದರ ಕೇಳಿ ತಿದ್ದಿಕೊಳ್ಳಿ. ಮನೆಯಲ್ಲೇ ಇರುವ ಹೆಂಗಸಿಗೆ 25,000. ಆಕೆಯ ಊಟ-ತಿಂಡಿ, ಮನೆಯ ಗ್ಯಾಸು, ಕರೆಂಟು ಸೇರಿ 4,000. ಡೈಪರ್ ದಿನಕ್ಕೆ ಮೂರು, ಒಂದಕ್ಕೆ 40 ರೂ. ಅಂದರೆ 3,600. ಫಿಸಿಯೋ ತಿಂಗಳಿಗೆ ಹನ್ನೆರಡು ಸಲ, 500ರಂತೆ 6,000. ಮಾತ್ರೆ 4,000. ರಕ್ತಪರೀಕ್ಷೆ, ಡಾಕ್ಟರ್, ಆಟೋ ಸರಾಸರಿ 1,500. ಆಕೆ ಊರಿಗೆ ಹೋದಾಗ ಎರಡು ದಿನದ ಬದಲಿ ಆಳಿಗೆ 2,000. ಒಟ್ಟು 46,100. ಏಜೆನ್ಸಿ ಹೇಳಿದ 25,000 ಅನ್ನುವುದು ಬರೀ ಬಾಗಿಲ ಬೆಲೆ ಅಂತ ಈಗ ಗೊತ್ತಾಯಿತಲ್ಲ.

ಬರುವ ಕಡೆ ಪೆನ್ಷನ್ 19,000. ಎಫ್‌ಡಿ ಬಡ್ಡಿ ಶೇ 7 ಅಂತ ಹಿಡಿದರೆ ತಿಂಗಳಿಗೆ ಸುಮಾರು 8,200. ಅಂಚೆ ಕಚೇರಿ ಅಥವಾ ಬ್ಯಾಂಕಿನ ಹಿರಿಯ ನಾಗರಿಕರ ಉಳಿತಾಯ ಯೋಜನೆಯಲ್ಲಿ ಈಗ ಶೇ 8.2 ಇದೆ, ಮೂರು ತಿಂಗಳಿಗೊಮ್ಮೆ ಬಡ್ಡಿ ಕೈಗೆ ಬರುತ್ತದೆ, 30 ಲಕ್ಷದವರೆಗೆ ಇಡಬಹುದು. 14 ಲಕ್ಷ ಪೂರ್ತಿ ಅಲ್ಲಿಟ್ಟರೆ ತಿಂಗಳಿಗೆ ಸುಮಾರು 9,570 ಬಿದ್ದ ಹಾಗೆ. ಆಗಲೂ ತಿಂಗಳಿಗೆ 17,500 ಸಾಲದು. ಪೂರ್ತಿ ಇಡಬೇಡಿ ಅಂತಲೇ ನನ್ನ ಮಾತು. ಐದು ವರ್ಷದ ಯೋಜನೆ ಅದು, ಮಧ್ಯೆ ಮುರಿದರೆ ದಂಡ. 3-4 ಲಕ್ಷ ಯಾವಾಗ ಬೇಕಾದರೂ ತೆಗೆಯುವ ಹಾಗೆ ಇರಲಿ. ಆ ಎಫ್‌ಡಿಗಳ ಅವಧಿ ಯಾವಾಗ ಮುಗಿಯುತ್ತದೆ ನೋಡಿ, ಅದಕ್ಕೆ ಹೊಂದಿಸಿ ಬದಲಾಯಿಸಿ.

ಆ 17,500ನ್ನು ಅಸಲಿನಿಂದಲೇ ತೆಗೆದರೆ ಏನಾಗುತ್ತದೆ? ಖರ್ಚು ವರ್ಷಕ್ಕೆ ಶೇ 8 ಏರುತ್ತದೆ, ಪೆನ್ಷನ್ ಅಷ್ಟಕ್ಕೇ ನಿಲ್ಲುತ್ತದೆ ಅಂತ ಹಿಡಿದು ಲೆಕ್ಕ ಹಾಕಿದೆ. ನಾಲ್ಕು ವರ್ಷ, ಮೇಲೆ ಎರಡು-ಮೂರು ತಿಂಗಳಿಗೆ 14 ಲಕ್ಷ ಖಾಲಿ. ತುಟ್ಟಿಭತ್ಯೆ ಏರಿದರೆ ಇನ್ನೊಂದಿಷ್ಟು ದಿನ. ಅಷ್ಟು ಹೊತ್ತಿಗೆ ಅತ್ತೆಗೆ 78. ಆದ್ದರಿಂದ 'ಎಷ್ಟು ಎತ್ತಿಡಬೇಕು' ಅನ್ನುವುದಕ್ಕೆ ನನ್ನ ಉತ್ತರ ಒಂದು ಮೊತ್ತ ಅಲ್ಲ. ಮೂರು ಮಕ್ಕಳು ತಲಾ 6,000 ಈ ತಿಂಗಳಿಂದಲೇ ಒಂದು ಖಾತೆಗೆ ಹಾಕುತ್ತಾ ಹೋದರೆ, ಅಸಲನ್ನು ಆಸ್ಪತ್ರೆಗೆ, ಕಷ್ಟ ಜಾಸ್ತಿಯಾಗುವ ಕೊನೆಯ ವರ್ಷಗಳಿಗೆ ಉಳಿಸಿಕೊಳ್ಳಬಹುದು. ನಾದಿನಿ ದಿನಾ ಹೋಗಿ ನೋಡಿಕೊಳ್ಳುತ್ತಿದ್ದರೆ ಅವರ ಪಾಲನ್ನು ಆ ಗಂಟೆಗಳಲ್ಲೇ ವಜಾ ಮಾಡಿಕೊಳ್ಳಿ. ಹತ್ತಿರ ಇರುವವರು ಕೈ ಕೊಡಲಿ, ದೂರ ಇರುವವರು ದುಡ್ಡು ಕೊಡಲಿ. ನೋಟ್‌ಬುಕ್ ಇರುವುದು ಅದಕ್ಕೇ. ಪುಣೆಯ ಮೈದುನರಿಗೆ ಅದರ ಪುಟಗಳ ಫೋಟೋ ವಾಟ್ಸಾಪ್ ಮಾಡಿ. ವಾದ ಮಾಡುವ ಕೆಲಸ ಅರ್ಧ ಕಮ್ಮಿಯಾಗುತ್ತದೆ.

ಆಳು ಇಟ್ಟುಕೊಳ್ಳುವ ವಿಷಯದಲ್ಲಿ ಸ್ವಲ್ಪ ಬಿಡಿಸಿ ಹೇಳಬೇಕು, ಮೋಸ ಹೋಗುವುದು ಇಲ್ಲೇ. '24 ಗಂಟೆ ಇರ್ತಾರೆ' ಅಂದರೆ ಒಬ್ಬರೇ ಮನುಷ್ಯರು. ಅವರೂ ಮಲಗಬೇಕು. ಅತ್ತೆ ರಾತ್ರಿ ಒಂದು ಸಲ ಎದ್ದರೆ ನಡೆಯುತ್ತದೆ. ನಾಲ್ಕು ಸಲ ಎದ್ದರೆ ಆಕೆ ಹದಿನೈದು ದಿನದಲ್ಲಿ ಚೀಲ ಕಟ್ಟುತ್ತಾರೆ, ನಾನಾದರೂ ಅದನ್ನೇ ಮಾಡುತ್ತೇನೆ. ಆಗ ಹಗಲಿಗೊಬ್ಬರು, ರಾತ್ರಿಗೊಬ್ಬರು ಬೇಕು, ಖರ್ಚು ಹತ್ತಿರ ಹತ್ತಿರ ಎರಡರಷ್ಟು. ಅದಕ್ಕೇ ನೋಟ್‌ಬುಕ್ಕಿನ ರಾತ್ರಿ ಸಾಲುಗಳು ಮುಖ್ಯ ಅಂದದ್ದು.

ಎರಡನೆಯದು, ಆಯಾ ಬೇರೆ, ನರ್ಸ್ ಬೇರೆ. ಎಎನ್‌ಎಂ, ಜಿಎನ್‌ಎಂ ಅನ್ನುವ ನರ್ಸಿಂಗ್ ಕೋರ್ಸ್ ಓದಿದವರು ನರ್ಸ್, ಅವರಿಗೆ ದರ ಜಾಸ್ತಿ. ಮೂಗಿನ ನಳಿಗೆ, ಮೂತ್ರದ ನಳಿಗೆ (ಕ್ಯಾಥೆಟರ್), ಇಂಜೆಕ್ಷನ್ ಇಲ್ಲದಿದ್ದರೆ ದಿನಪೂರ್ತಿ ನರ್ಸ್ ಬೇಡ. ಒಳ್ಳೆಯ ಆಯಾ ಸಾಕು, ನರ್ಸ್ ಯಾವಾಗಲಾದರೂ ಬಂದು ಹೋಗಲಿ. ಏಜೆನ್ಸಿಗಳು ಕೆಲವು ಸಲ ಹೆದರಿಸಿ ನರ್ಸನ್ನೇ ಹಚ್ಚುತ್ತಾರೆ.

ಏಜೆನ್ಸಿ ಕರಾರಿಗೆ ಸಹಿ ಮಾಡುವ ಮುಂಚೆ ಇಷ್ಟು ಬಾಯಿಬಿಟ್ಟು ಕೇಳಿ: ಇವರು ಹೇಳದೆ ಹೋದರೆ ಬದಲಿಯವರು ಎಷ್ಟು ಗಂಟೆಯಲ್ಲಿ ಬರುತ್ತಾರೆ? ಬರದ ದಿನದ ದುಡ್ಡು ಕಡಿತ ಮಾಡುತ್ತೀರಾ? ಅಡ್ವಾನ್ಸ್ ವಾಪಸ್ ಯಾವಾಗ? ಪೊಲೀಸ್ ಪರಿಶೀಲನೆ ಆಗಿದೆಯಾ? ನಾವು ಕೊಡುವ 25,000ದಲ್ಲಿ ಆ ಹೆಂಗಸಿನ ಕೈಗೆ ಎಷ್ಟು ಹೋಗುತ್ತದೆ? ಕೊನೆಯ ಪ್ರಶ್ನೆಗೆ ಮುಖ ಗಂಟು ಹಾಕುತ್ತಾರೆ. ಪರವಾಗಿಲ್ಲ, ಕೇಳಿ. ಕೈಗೆ ತೀರಾ ಕಮ್ಮಿ ಬರುತ್ತಿದ್ದರೆ ಆಕೆ ನಿಲ್ಲುವುದಿಲ್ಲ.

ಇದನ್ನು ನಾನು ಪುಸ್ತಕ ಓದಿ ಕಲಿತದ್ದಲ್ಲ. ನಮ್ಮ ತಂದೆ ಕೊನೆಯ ಮೂರು ವರ್ಷ ಮಲಗಿದ್ದಲ್ಲೇ ಇದ್ದರು. ಇದೇ ಕೆಲಸದಲ್ಲಿದ್ದವಳು, ಊರಿಗೆಲ್ಲ ಬುದ್ಧಿ ಹೇಳುವವಳು ನಾನು. ಗೌರಿ ಹಬ್ಬದ ಹಿಂದಿನ ಸಂಜೆ ಏಜೆನ್ಸಿಯಿಂದ ಬಂದಿದ್ದ ಹುಡುಗ ಹಾಲು ತರುತ್ತೇನೆ ಅಂತ ಹೋದವನು ಬರಲಿಲ್ಲ. ಏಜೆನ್ಸಿಗೆ ಫೋನ್ ಮಾಡಿದರೆ 'ಹಬ್ಬ ಅಲ್ವಾ ಮೇಡಂ, ನಾಲ್ಕು ದಿನ ಅಡ್ಜಸ್ಟ್ ಮಾಡ್ಕೊಳ್ಳಿ' ಅಂದರು. ಕರಾರಿನಲ್ಲಿ ಬದಲಿಯವರ ಬಗ್ಗೆ ಒಂದು ಸಾಲೂ ಇರಲಿಲ್ಲ, ನಾನು ಓದಿರಲೂ ಇಲ್ಲ. ಮನೆ ತುಂಬ ನೆಂಟರು. ನಾನು ಮಗ್ಗುಲು ಬದಲಿಸಿದೆ ಅಂತ ಅಣ್ಣ, ಅಣ್ಣ ಬದಲಿಸಿದ ಅಂತ ನಾನು. ಐದನೇ ದಿನ ಬಟ್ಟೆ ಬದಲಿಸುವಾಗ ಬೆನ್ನಿನ ಕೆಳಗೆ, ಬಾಲಮೂಳೆಯ ಹತ್ತಿರ, ಎಂಟಾಣೆಯಷ್ಟು ಅಗಲ ಚರ್ಮ ಕೆಂಪಾಗಿ ನಡುವೆ ಕಪ್ಪಾಗಿತ್ತು. ಆ ಹುಣ್ಣು ಮಾಯಲು ಎರಡು ತಿಂಗಳು ಹಿಡಿಯಿತು, ದಿನ ಬಿಟ್ಟು ದಿನ ಡ್ರೆಸ್ಸಿಂಗ್. ಅದಕ್ಕೆ ಆದ ಖರ್ಚಿನಲ್ಲಿ, ಮೈಯ ಭಾರ ಒಂದೇ ಕಡೆ ಬೀಳದಂತೆ ಮಾಡುವ ಗಾಳಿ ಹಾಸಿಗೆಗಳನ್ನು ಮೂರು-ನಾಲ್ಕು ಕೊಳ್ಳಬಹುದಿತ್ತು. ಆಮೇಲೆ ಗೋಡೆಯ ಕ್ಯಾಲೆಂಡರಿನ ಪಕ್ಕ ಒಂದು ಹಾಳೆ ಅಂಟಿಸಿದೆವು: ಎರಡು ಗಂಟೆಗೊಮ್ಮೆ ಎಡ, ಬಲ, ಅಂಗಾತ, ಮಾಡಿದವರ ಸಹಿ. ನಿಮ್ಮ ಅತ್ತೆ ಹೆಚ್ಚು ಹೊತ್ತು ಮಲಗಿಯೇ ಇರುತ್ತಾರೆ ಅಂದರೆ ಗಾಳಿ ಹಾಸಿಗೆ ಇವತ್ತೇ ತನ್ನಿ.

ಹಾಸನದಲ್ಲಿ ಸ್ವಂತ ಮನೆ ಅಂದಿರಿ, ಹಳೆಯದಾದರೆ ಹೊಸ್ತಿಲು ಎತ್ತರ ಇರುತ್ತದೆ, ಬಚ್ಚಲುಮನೆಗೆ ಒಂದು ಮೆಟ್ಟಿಲು ಇಳಿಯಬೇಕಿರುತ್ತದೆ. ಅಲ್ಲೊಂದು ಇಳಿಜಾರು ಹಾಕಿಸಿ, ಎಡಗಡೆ ಗೋಡೆಗೆ ಹಿಡಿ ಹಾಕಿಸಿ. ಅವರಿಗೆ ಈಗ ಆಸರೆ ಎಡಗೈಯೊಂದೇ. ಗಾರೆ ಕೆಲಸದವರು ತಮ್ಮ ಅನುಕೂಲಕ್ಕೆ ಬಲಗಡೆ ಹಾಕಿ ಹೋಗಿರುವುದನ್ನು ಎಷ್ಟು ಮನೆಯಲ್ಲಿ ನೋಡಿದ್ದೇನೆ.

ಇನ್ನು ಮನೆಯ ಕಾಗದದ ಮಾತು. ಮೈದುನರು ಹೇಳುವ ಅವಸರದಲ್ಲಿ ಒಂದು ಸತ್ಯ ಇದೆ, ಒಂದು ಅಪಾಯ ಇದೆ. ಸತ್ಯ ಏನೆಂದರೆ, ಅತ್ತೆಗೆ ತಿಳಿವು ಚೆನ್ನಾಗಿರುವಾಗಲೇ ಸಹಿ ಬೇಕಾದ ಕೆಲಸ ಎಲ್ಲ ಮುಗಿಸಬೇಕು. ಎಷ್ಟೋ ಜನ ಪವರ್ ಆಫ್ ಅಟಾರ್ನಿ ಮಾಡಿಸಿ ನೆಮ್ಮದಿಯಾಗಿರುತ್ತಾರೆ. ಕೊಟ್ಟವರ ಬುದ್ಧಿ ಸ್ವಾಧೀನ ತಪ್ಪಿದರೆ ನಮ್ಮ ಕಾನೂನಿನಲ್ಲಿ ಅದೂ ಬಿದ್ದುಹೋಗುತ್ತದೆ. ಬೇಕಾದ ಹೊತ್ತಿಗೇ ಕೈಕೊಡುವ ಕಾಗದ ಅದು. ಆಮೇಲೆ ಬ್ಯಾಂಕಿನ ದುಡ್ಡು ಮುಟ್ಟಲು ಹೈಕೋರ್ಟಿಗೆ ಅರ್ಜಿ ಹಾಕಿ ಪಾಲಕರ ನೇಮಕ ಮಾಡಿಸಿಕೊಳ್ಳುವ ಪ್ರಸಂಗ ಬರುತ್ತದೆ. ಅದಕ್ಕೆ ಎಫ್‌ಡಿ ಮತ್ತು ಪೆನ್ಷನ್ ಖಾತೆಯ ವಿಷಯವಾಗಿ ಈ ವಾರವೇ ಬ್ಯಾಂಕಿಗೆ ಹೋಗಿ. ಎಫ್‌ಡಿಗೆ ಜಂಟಿ ಹೆಸರು, 'ಇಬ್ಬರಲ್ಲಿ ಯಾರಾದರೂ' ತೆಗೆಯುವ ಸೂಚನೆ, ನಾಮಿನಿ, ಇವು ಆಗಲಿ. ಬಲಗೈ ಬರುವುದಿಲ್ಲ ಅಂತ ಬ್ಯಾಂಕಿನವರು ತಕರಾರು ತೆಗೆದರೆ, ಹೆಬ್ಬೆಟ್ಟನ್ನು ಇಬ್ಬರು ಸಾಕ್ಷಿಗಳ ಮುಂದೆ, ಅವರಲ್ಲಿ ಒಬ್ಬರು ಬ್ಯಾಂಕಿನವರೇ ಆಗಿರುವಂತೆ, ತೆಗೆದುಕೊಳ್ಳಲು ರಿಸರ್ವ್ ಬ್ಯಾಂಕಿನ ಸೂಚನೆ ಇದೆ ಅಂತ ಹೇಳಿ. ಹಾಸಿಗೆ ಹಿಡಿದವರ ಕಾಲಿನ ಹೆಬ್ಬೆಟ್ಟೂ ನಡೆಯುತ್ತದೆ. ಪೆನ್ಷನ್‌ಗೆ ವರ್ಷಕ್ಕೊಮ್ಮೆ ಕೊಡುವ ಜೀವನ ಪ್ರಮಾಣಕ್ಕೆ (ಬದುಕಿದ್ದಾರೆ ಅನ್ನುವ ಪ್ರಮಾಣಪತ್ರ) ಬೆರಳಚ್ಚು ಹತ್ತದಿದ್ದರೆ ಮೊಬೈಲಿನಲ್ಲಿ ಮುಖ ತೋರಿಸಿ ಮಾಡಬಹುದು. ನವೆಂಬರಿನ ಕ್ಯೂನಲ್ಲಿ ಅವರನ್ನು ವೀಲ್‌ಚೇರಿನಲ್ಲಿ ಕೂರಿಸಿಕೊಂಡು ಹೋಗಬೇಡಿ.

ಅಪಾಯ ಇರುವುದು ದಾನಪತ್ರದಲ್ಲಿ. ಮನೆ ಈಗಲೇ ಬರೆದುಕೊಟ್ಟರೆ ಅತ್ತೆ ತಮ್ಮದೇ ಮನೆಯಲ್ಲಿ ಬೇರೆಯವರ ಹಂಗಿನಲ್ಲಿ ಇದ್ದ ಹಾಗೆ. 2007ರ ಪೋಷಕರ ಮತ್ತು ಹಿರಿಯ ನಾಗರಿಕರ ಕಾಯ್ದೆಯ 23ನೇ ಕಲಮಿನ ಪ್ರಕಾರ, ನೋಡಿಕೊಳ್ಳುತ್ತೇವೆ ಅನ್ನುವ ಷರತ್ತಿನ ಮೇಲೆ ಪಡೆದ ಆಸ್ತಿಯನ್ನು ನೋಡಿಕೊಳ್ಳದಿದ್ದರೆ ರದ್ದು ಮಾಡಿಸಬಹುದು. ಷರತ್ತು ಪತ್ರದಲ್ಲಿ ಬರೆದಿರಬೇಕೇ, ಮಾತಿನದು ಸಾಕೇ ಅನ್ನುವುದರ ಮೇಲೇ ಎಷ್ಟೋ ಕೇಸುಗಳು ಸುಪ್ರೀಂ ಕೋರ್ಟಿನವರೆಗೆ ಹೋಗಿವೆ. ನೀವು ಯಾಕೆ ಆ ದಾರಿ ಹಿಡಿಯಬೇಕು? ಉಯಿಲು ಬರೆಸಿ. ಇಬ್ಬರು ಸಾಕ್ಷಿ ಸಾಕು, ರಿಜಿಸ್ಟರ್ ಕಡ್ಡಾಯ ಅಲ್ಲ, ಮಾಡಿಸಿದರೆ ಒಳ್ಳೆಯದು. ಉಪನೋಂದಣಾಧಿಕಾರಿ ಮನೆಗೇ ಬರಲು ಕಾನೂನಿನಲ್ಲಿ ಅವಕಾಶ ಇದೆ. ಅವರಿಗೆ ತಿಳಿವು ಇದೆ ಅಂತ ಆವತ್ತೇ ಡಾಕ್ಟರ ಚೀಟಿ ಬರೆಸಿಟ್ಟುಕೊಳ್ಳಿ. ಮಾತು ತೊದಲುವುದಕ್ಕೂ ಬುದ್ಧಿ ಇಲ್ಲದಿರುವುದಕ್ಕೂ ಸಂಬಂಧ ಇಲ್ಲ ಅನ್ನುವುದು ಆ ಚೀಟಿಯಲ್ಲಿ ಬರಲಿ. ಮುಂದೆ ತಕರಾರು ಬಂದರೆ ಆ ಒಂದು ಸಾಲಿನ ಮೇಲೇ ನಿಲ್ಲುತ್ತದೆ. 'ಗಂಡುಮಕ್ಕಳ ಹೆಸರಿಗೆ' ಅನ್ನುವ ಮಾತು ನಾದಿನಿಗೆ ಗೊತ್ತಾ? ಎಂಟು ತಿಂಗಳು ತೊಳೆದವರಲ್ಲಿ ಅವರೂ ಒಬ್ಬರು. ಯಾರಿಗೆ ಏನು ಅನ್ನುವುದು ಅತ್ತೆಯ ಇಷ್ಟ, ನಾನು ಮಧ್ಯೆ ಬರುವುದಿಲ್ಲ.

ಕೊನೆ ಗಳಿಗೆಯಲ್ಲಿ ವೆಂಟಿಲೇಟರ್ ಬೇಕೋ ಬೇಡವೋ ಅನ್ನುವುದನ್ನೂ ಅವರು ಈಗಲೇ ಬರೆದಿಡಬಹುದು. ಇಬ್ಬರು ಸಾಕ್ಷಿಗಳ ಮುಂದೆ ಬರೆದು ನೋಟರಿ ಅಥವಾ ಗೆಜೆಟೆಡ್ ಅಧಿಕಾರಿಯಿಂದ ದೃಢೀಕರಿಸಿದರೆ ಸಾಕು ಅಂತ ಸುಪ್ರೀಂ ಕೋರ್ಟ್ 2023ರಲ್ಲಿ ಸರಳ ಮಾಡಿತು. ಅದನ್ನು ಜಾರಿಗೆ ತರಲು 2025ರ ಜನವರಿಯಲ್ಲಿ ನಮ್ಮ ರಾಜ್ಯದ ಆರೋಗ್ಯ ಇಲಾಖೆಯೂ ಆದೇಶ ಹೊರಡಿಸಿದೆ. ಐಸಿಯು ಬಾಗಿಲಲ್ಲಿ ನಿಂತು ಮೂವರು ಮಕ್ಕಳು ಮೂರು ಮಾತಾಡುವುದು ತಪ್ಪುತ್ತದೆ. ಖರ್ಚಿನ ಮಾತೂ ಹೌದು ಅದು, ಹೇಳಲು ಸಂಕೋಚ ಆದರೂ.

ಇದೇ 2007ರ ಕಾಯ್ದೆಯಲ್ಲಿ ನಿಮಗೆ ಗೊತ್ತಿರಬೇಕಾದ ಇನ್ನೊಂದು ವಿಷಯ ಇದೆ. ತಂದೆತಾಯಿಯನ್ನು ನೋಡಿಕೊಳ್ಳಬೇಕಾದ 'ಮಕ್ಕಳು' ಯಾರು ಅಂತ ಅದು ಹೇಳುತ್ತದೆ: ಮಗ, ಮಗಳು, ಮೊಮ್ಮಗ, ಮೊಮ್ಮಗಳು. ಸೊಸೆಯ ಹೆಸರು ಅಲ್ಲಿಲ್ಲ. ಇದನ್ನು ಊಟದ ಹೊತ್ತಿನಲ್ಲಿ ಗಂಡನ ಮನೆಯವರ ಮುಂದೆ ಓದಿ ಹೇಳಿ ಅಂತ ಅಲ್ಲ. ಆದರೆ 'ನಿನ್ನ ಕರ್ತವ್ಯ' ಅಂತ ಯಾರಾದರೂ ಅಂದಾಗ ನಿಮ್ಮ ಮನಸ್ಸಿನಲ್ಲಿ ಇರಲಿ. ನೀವು ಮಾಡಿದ್ದು, ಮಾಡುವುದು ಪ್ರೀತಿಯಿಂದ. ಅದಕ್ಕೆ ಬೆಲೆ ಜಾಸ್ತಿ. ಮಕ್ಕಳು ಪಾಲು ಕೊಡಲು ಒಪ್ಪದೇ ಹೋದರೆ ಅತ್ತೆ ಸ್ವತಃ ಉಪವಿಭಾಗಾಧಿಕಾರಿಯ ನ್ಯಾಯಮಂಡಳಿಗೆ ಅರ್ಜಿ ಕೊಡಬಹುದು, ತಿಂಗಳಿಗೆ 10,000 ರೂ.ವರೆಗೆ ಜೀವನಾಂಶ ಕೊಡಿಸುವ ಅಧಿಕಾರ ಕಾಯ್ದೆಯಲ್ಲಿದೆ. ನಿಮ್ಮ ಮನೆಗೆ ಅದು ಬೇಕಾಗುವುದಿಲ್ಲ ಅಂತ ಅಂದುಕೊಳ್ಳುತ್ತೇನೆ. ಸುಮ್ನೆ ವಿಚಾರಿಸಲು ಹಿರಿಯರ ಸಹಾಯವಾಣಿ 14567 ಇದೆ.

ಆಶ್ರಮದ ಮಾತು ಎತ್ತಿದವರು ಕೆಟ್ಟವರಲ್ಲ. ಮಗ-ಸೊಸೆ ಆಫೀಸಿಗೆ ಹೋದ ಮೇಲೆ ಹೊರಗಿನಿಂದ ಬೀಗ ಹಾಕಿದ ಮನೆಯಲ್ಲಿ ಒದ್ದೆ ಡೈಪರಿನಲ್ಲಿ ಸಂಜೆತನಕ ಕೂತಿರುವ ಹಿರಿಯರನ್ನು ಕಂಡಿದ್ದೇನೆ. 'ನಮ್ಮಮ್ಮನ್ನ ಆಶ್ರಮಕ್ಕೆ ಹಾಕಿಲ್ಲ' ಅಂತ ಆ ಮಗನಿಗೆ ಹೆಮ್ಮೆ ಬೇರೆ. ಆದರೆ ಒಂದು ತಿಳಿದಿರಿ. ವೃದ್ಧಾಶ್ರಮಗಳಲ್ಲಿ ಬಹಳಷ್ಟು ಕಡೆ ಓಡಾಡಿಕೊಂಡಿರುವವರನ್ನು ಮಾತ್ರ ಸೇರಿಸಿಕೊಳ್ಳುತ್ತಾರೆ. ನಿಮ್ಮ ಅತ್ತೆಗೆ ಬೇಕಾದದ್ದು ಹಾಸಿಗೆ ಹಿಡಿದವರನ್ನು ನೋಡಿಕೊಳ್ಳುವ ಕೇಂದ್ರ, ಅದು ದುಬಾರಿ. ಬೆಂಗಳೂರಿನಲ್ಲಿ ತಿಂಗಳಿಗೆ 35,000ದಿಂದ ಶುರುವಾಗಿ 60,000 ದಾಟುವ ಕಡೆಗಳೂ ಇವೆ. ಡೈಪರ್, ಔಷಧಿ, ಫಿಸಿಯೋ ಅದರಲ್ಲಿ ಸೇರಿದೆಯಾ ಅಂತ ಕೇಳಿ, ಎಷ್ಟೋ ಕಡೆ ಇಲ್ಲ. ಮರೆವು ಜಾಸ್ತಿಯಾದರೆ ವಾಪಸ್ ಕಳಿಸುತ್ತೀರಾ ಅಂತಲೂ ಕೇಳಿ. ರಾತ್ರಿ ಎಷ್ಟು ಜನಕ್ಕೆ ಒಬ್ಬರು ಇರುತ್ತಾರೆ, ಡೆಪಾಸಿಟ್ ಎಷ್ಟು ದಿನಕ್ಕೆ ಮರಳುತ್ತದೆ ಅನ್ನುವುದು ಬರಹದಲ್ಲಿ ಇರಲಿ. ನೋಡಲು ಹೋಗುವುದಾದರೆ ಹೇಳದೆ, ಸಂಜೆ ಆರೂವರೆ ಹೊತ್ತಿಗೆ ಹೋಗಿ. ಹಗಲಿನ ಪಾಳಿ ಮುಗಿದು ಊಟದ ಗಡಿಬಿಡಿ ಇರುವ ಹೊತ್ತು. ಬಾಗಿಲಲ್ಲೇ ಮೂತ್ರದ ವಾಸನೆ ಬಂದರೆ ಬ್ರೋಷರ್ ತೆಗೆದುಕೊಳ್ಳುವ ಅಗತ್ಯ ಇಲ್ಲ.

ಶಾಶ್ವತವಾಗಿ ಸೇರಿಸುವುದೊಂದೇ ದಾರಿ ಅಂತಲೂ ಅಂದುಕೊಳ್ಳಬೇಡಿ. ಆಳು ಊರಿಗೆ ಹೋದಾಗಲೋ ನಾದಿನಿಗೆ ಸುಸ್ತಾದಾಗಲೋ ಹದಿನೈದು ದಿನ, ಒಂದು ತಿಂಗಳು ಮಾತ್ರ ಇಟ್ಟುಕೊಳ್ಳುವ ಕೇಂದ್ರಗಳಿವೆ. ನಿಮ್ಮ ಮನೆಯ ಲೆಕ್ಕಕ್ಕೆ ನನಗೆ ಸರಿ ಕಾಣುವುದು ಅದು: ಹಾಸನದಲ್ಲೇ ಹಗಲಿಗೆ ಅಕ್ಕಪಕ್ಕದ ಒಬ್ಬರು ಹೆಂಗಸನ್ನು ನೇರವಾಗಿ ಗೊತ್ತುಮಾಡಿ, ಫಿಸಿಯೋದವರಿಂದ ಎಬ್ಬಿಸುವ, ಕೂರಿಸುವ ಕ್ರಮ ಕಲಿಸಿ, ರಾತ್ರಿಗೆ ಬೇರೆ ವ್ಯವಸ್ಥೆ ಮಾಡಿ, ವರ್ಷಕ್ಕೆ ಎರಡು ಸಲ ಇಂಥ ಕೇಂದ್ರ. ಏಜೆನ್ಸಿ ಇಲ್ಲದಿದ್ದರೆ ಮಧ್ಯದ ಕಮಿಷನ್ ಉಳಿಯುತ್ತದೆ, ಅದರಲ್ಲಿ ಅರ್ಧ ಆ ಹೆಂಗಸಿಗೇ ಜಾಸ್ತಿ ಕೊಡಿ.

ಇದೆಲ್ಲ ಬರೆಯುವಾಗ ಒಂದು ಗಮನಿಸಿದೆ. ನಿಮ್ಮ ಪ್ರಶ್ನೆಯಲ್ಲಿ ಮನೆಯವರು, ಮೈದುನ, ನಾದಿನಿ, ಏಜೆನ್ಸಿ ಎಲ್ಲರ ಮಾತೂ ಇದೆ, ಅತ್ತೆ ಏನಂದರು ಅಂತ ಇಲ್ಲ. ಬೆಳಗಿನ ಹೊತ್ತು, ಕಾಫಿ ಆದ ಮೇಲೆ, ತಿಳಿವು ಚೆನ್ನಾಗಿರುವಾಗ ಅವರ ಎಡಗಡೆ ಕೂತು ಕೇಳಿ. ಒಂದು ಸಲಕ್ಕೆ ಒಂದೇ ಪ್ರಶ್ನೆ, ಹೌದು-ಇಲ್ಲ ಅನ್ನುವ ಹಾಗೆ. ಇಲ್ಲೇ ಇರಬೇಕಾ? ಬೆಂಗಳೂರಿಗೆ ಬರ್ತೀರಾ? ಹೊರಗಿನವರು ಸ್ನಾನ ಮಾಡಿಸಿದರೆ ಪರವಾಗಿಲ್ವಾ? ಬಲಗೈ, ಬಲಗಾಲು ಸ್ವಾಧೀನ ತಪ್ಪುವ ಸ್ಟ್ರೋಕ್‌ನಲ್ಲಿ ಎಷ್ಟೋ ಸಲ ಮಾತು ಬಾಯಿಗೆ ಬರಲು ತಡವಾಗುತ್ತದೆ. ಅವರು ಹುಡುಕುತ್ತಿರುವ ಮಾತನ್ನು ನೀವು ತುಂಬಿಕೊಡಬೇಡಿ. ಎರಡು ನಿಮಿಷ ಹಿಡಿದರೂ ಕಾಯಿರಿ.